ನೆಲ ಮುಟ್ಟದ ಮೇವು

"ಗುರುಗಳೇ, ನನ್ನ ಸೇವೆಯಲ್ಲಿ ಕೊರತೆ ಏನಿದೆ?"

ಹೀಗೆ ಕೇಳಿದಾಗ ಶಿಷ್ಯ ಕಲ್ಲಿನಾಥನ ಕೈಯಲ್ಲಿ ಹಾಲಿನ ಬಟ್ಟಲಿತ್ತು. ಬಾದಾಮಿ ಅರೆದು ಬೆರೆಸಿದ ಹಾಲು. ಮೇಲೆ ತುಪ್ಪ ತೇಲುತ್ತಿತ್ತು. ಗುರುಗಳು ಎರಡು ಗುಟುಕು ಕುಡಿದು ಬಟ್ಟಲನ್ನು ಹಿಂದಿರುಗಿಸಿದ್ದರು.

ಮಳೆಗಾಲದಲ್ಲಿ ಗುರುಗಳಿಗೆ ಜ್ವರ ಬಂದಿತ್ತು. ಜ್ವರ ಬಿಟ್ಟು ಬಹಳ ಕಾಲವಾಗಿತ್ತು. ಆದರೂ ಕಲ್ಲಿನಾಥ ಅವರನ್ನು ಜಗುಲಿಯಿಂದ ಕೆಳಗಿಳಿಯಲು ಬಿಟ್ಟಿರಲಿಲ್ಲ. ಬೇಕಾದದ್ದೆಲ್ಲ ಅವರು ಕುಳಿತಲ್ಲಿಗೇ ಬರುತ್ತಿತ್ತು. ಬಾಗಿಲ ಮೂಲೆಯಲ್ಲಿ ಸದಾ ಒರಗಿರುತ್ತಿದ್ದ ಊರುಗೋಲು ಮಾತ್ರ ಈಗ ಅಲ್ಲಿರಲಿಲ್ಲ.

"ಕೊರತೆ ಇಲ್ಲ" ಎಂದರು ಗುರುಗಳು.

"ಹಾಗಾದರೆ ಏಕೆ ಸೊರಗುತ್ತಿದ್ದೀರಿ? ಮೊದಲು ಬೆಳಗಾದರೆ ಗುಡ್ಡ ಹತ್ತುತ್ತಿದ್ದಿರಿ. ಕುರುಬರ ಹಟ್ಟಿಯಲ್ಲಿ ಅವರು ಕೊಟ್ಟ ಒಣ ರೊಟ್ಟಿ ತಿಂದು, ಅವರ ಜಗಳ ಬಿಡಿಸಿ, ಹೊತ್ತೇರಿದ ಮೇಲೆ ಬರುತ್ತಿದ್ದಿರಿ. ಆಗ ಮೈಯಲ್ಲಿ ಕಸುವಿತ್ತು. ಈಗ ಹಾಲು ತುಪ್ಪ ಮುಂದಿಟ್ಟರೂ ಮುಖ ತಿರುಗಿಸುತ್ತೀರಿ. ಬಂದವರೆಲ್ಲ ನನ್ನನ್ನೇ ಬೈದು ಹೋಗುತ್ತಾರೆ. ಆ ಒಣ ರೊಟ್ಟಿಗಿಂತ ನನ್ನ ಅಡುಗೆ ಕೀಳಾಯಿತೇ?"

ಅವನ ಕಣ್ಣು ಒದ್ದೆಯಾಗಿತ್ತು. ಗುರುಗಳು ಅದನ್ನು ನೋಡಿದರು. ನೋಡಿದ್ದನ್ನು ತೋರಿಸಿಕೊಳ್ಳಲಿಲ್ಲ.

"ಬಟ್ಟಲನ್ನು ಕೆಳಗಿಡು. ಬೆನ್ನು ನೆಟ್ಟಗೆ ಮಾಡಿ ಕುಳಿತುಕೋ. ಒಂದು ಕುದುರೆಯ ಕತೆ ಹೇಳುತ್ತೇನೆ."

ಕಲ್ಲಿನಾಥ ಹಾಗೆಯೇ ಮಾಡಿದ. ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಬಳಿ ಒಂದು ಹೆಣ್ಣು ಕುದುರೆ ಇತ್ತು. ಅದನ್ನು ಏರಿ ಅವನು ಊರೂರು ತಿರುಗಿ ಬಟ್ಟೆ ಮಾರುತ್ತಿದ್ದ. ದಾರಿಯಲ್ಲಿ ಅವನು ಬುತ್ತಿ ಬಿಚ್ಚಿದಾಗ ಕುದುರೆ ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಅವನು ಗಿರಾಕಿಯೊಡನೆ ಚೌಕಾಸಿ ಮಾಡುವಾಗಲೂ ಮೇಯುತ್ತಿತ್ತು. ಸಂಜೆ ಒಂದಿಷ್ಟು ಹುರುಳಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅವನು ಅದನ್ನು ವಿಶೇಷವಾಗಿ ಪ್ರೀತಿಸಿದವನೇನೂ ಅಲ್ಲ. ಆದರೂ ಕುದುರೆಯ ಮೈ ಮಿರಮಿರ ಮಿಂಚುತ್ತಿತ್ತು.

ಒಮ್ಮೆ ಹೊಳೆ ದಾಟುವಾಗ ಮೇಲಿನಿಂದ ನೀರು ನುಗ್ಗಿ ಬಂತು. ವ್ಯಾಪಾರಿ ಜೀನಿನಿಂದ ಜಾರಿ ಬಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ. ಕೈಗೆ ಸಿಕ್ಕಿದ್ದು ಕುದುರೆಯ ಬಾಲ. ಕುದುರೆ ಅವನನ್ನು ಎಳೆದುಕೊಂಡೇ ದಡ ಸೇರಿತು. ಬಟ್ಟೆಯ ಗಂಟು ಹೋಯಿತು. ಪ್ರಾಣ ಉಳಿಯಿತು.

ದಡದಲ್ಲಿ ವ್ಯಾಪಾರಿ ಕುದುರೆಯ ಕುತ್ತಿಗೆ ತಬ್ಬಿಕೊಂಡು ಅತ್ತ. "ಹೆತ್ತವಳು ಒಂದು ಸಲ ಪ್ರಾಣ ಕೊಟ್ಟಳು. ನೀನು ಎರಡನೆಯ ಸಲ ಕೊಟ್ಟೆ. ನೀನೂ ನನ್ನ ತಾಯಿಯೇ. ಇನ್ನು ನಿನ್ನ ಬಾಯಿ ನೆಲ ಮುಟ್ಟಬಾರದು" ಎಂದ.

ಈ ಮಾತಿಗೆ ಆ ಪೇಟೆಯಲ್ಲಿ ಒಂದು ಅರ್ಥವಿತ್ತು. ಅಲ್ಲಿ ಕತ್ತೆ ಮೇಯುತ್ತಿತ್ತು, ಹೇರಿನ ಕುದುರೆ ಮೇಯುತ್ತಿತ್ತು. ದೊಡ್ಡ ಮನೆಯ ಕುದುರೆ ಮೇಯುತ್ತಿರಲಿಲ್ಲ. ಅದು ಎದೆಯೆತ್ತರದ ಗೋದಲಿಯಲ್ಲಿ ತಿನ್ನುತ್ತಿತ್ತು. ಅದಕ್ಕೆ ಹುರುಳಿ ಬೇಯುವ ವಾಸನೆ ಬೀದಿಯ ತುದಿಗೂ ಮುಟ್ಟಬೇಕು. ಮೇಯುವ ಕುದುರೆ ಮನೆಯ ಮಾನವನ್ನೂ ಮೇಯುತ್ತದೆ ಎಂದು ಅಲ್ಲಿನವರು ಹೇಳುತ್ತಿದ್ದರು.

ವ್ಯಾಪಾರಿ ಕಲ್ಲು ಹಾಸಿದ ಲಾಯ ಕಟ್ಟಿಸಿದ. ಎದೆಯೆತ್ತರದ ಗೋದಲಿ ಮಾಡಿಸಿದ. ಹೊತ್ತು ಹೊತ್ತಿಗೆ ಬೆಂದ ಹುರುಳಿ ಬಂತು. ಅದರಲ್ಲಿ ಬೆಲ್ಲ, ತುಪ್ಪ. ಹಬ್ಬದ ದಿನ ಹೋಳಿಗೆಯೂ ಬಂತು. ಮೊದಲ ತುತ್ತನ್ನು ಅವನೇ ಕೈಯಾರೆ ತಿನ್ನಿಸುತ್ತಿದ್ದ. ಬೆನ್ನಿಗೆ ಜೀನು ಹಾಕಲಿಲ್ಲ. ಹೊರಗೆ ಬಿಡಲಿಲ್ಲ. ಗೊರಸಿಗೆ ಮಣ್ಣು ತಾಗದಂತೆ ನೋಡಿಕೊಂಡ.

ಕುದುರೆ ಗೋದಲಿಯನ್ನು ಬೇಗ ಖಾಲಿ ಮಾಡುತ್ತಿತ್ತು. ಆಮೇಲೆ ಅದಕ್ಕೆ ಕೆಲಸವಿರಲಿಲ್ಲ. ಮುಂದಿನ ಹುರುಳಿ ಬರುವವರೆಗೆ ಬಾಯಿ ಖಾಲಿ, ಹೊಟ್ಟೆಯೂ ಖಾಲಿ. ಕುದುರೆಯ ಹೊಟ್ಟೆ ಹುಲ್ಲಿಗೆಂದು ಆದದ್ದು. ದಿನವಿಡೀ ಅದರೊಳಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಿರಬೇಕು. ಏನೂ ಇಳಿಯದಾದಾಗ ಅದು ಲಾಯದ ಕಂಬವನ್ನು ಕಡಿಯತೊಡಗಿತು.

ವ್ಯಾಪಾರಿಯ ಹೆಂಡತಿ ಮನಸ್ಸಿಗೆ ಬಂದದ್ದನ್ನು ಆಡದೆ ಇರುವವಳಲ್ಲ. "ರೀ, ನಿಮ್ಮ ತಾಯಿ ಕಂಬ ತಿನ್ನುತ್ತಿದ್ದಾರೆ" ಎಂದಳು.

"ಹುರುಳಿ ಸಾಲದಿರಬೇಕು. ಇನ್ನೊಂದು ಪಾತ್ರೆ ಒಲೆಯ ಮೇಲಿಡು."

"ಇಡುತ್ತೇನೆ. ನಿಮ್ಮನ್ನು ಹೆತ್ತವರೂ ನನ್ನ ಅಡುಗೆಗೆ ಹೀಗೆಯೇ ಮೂಗು ಮುರಿಯುತ್ತಿದ್ದರು. ಪಾಪ, ಕಂಬಕ್ಕೆ ಮಾತ್ರ ಬಾಯಿ ಹಾಕಲಿಲ್ಲ."

ಹುರುಳಿ ಹೆಚ್ಚಾಯಿತು. ಕಂಬ ಇನ್ನಷ್ಟು ಸವೆಯಿತು. ಕುದುರೆ ಹಲ್ಲು ಮಸೆಯಿತು. ಮುಂಗಾಲಿನಿಂದ ಕಲ್ಲು ಕೆರೆಯಿತು. ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು. ಮೈಯ ಮಿಂಚು ಹೋಯಿತು, ಪಕ್ಕೆಲುಬು ಎದ್ದು ಕಂಡವು. ಕೊನೆಗೆ ಹುರುಳಿಯನ್ನೂ ಮೂಸಿ ಬಿಟ್ಟಿತು.

ವ್ಯಾಪಾರಿ ಅದರ ಮುಂದೆ ಕೈಮುಗಿದು ನಿಂತ. "ನನ್ನಲ್ಲಿ ಏನು ಕೊರತೆ ಕಂಡೆ, ತಾಯಿ?" ಎಂದು ಕೇಳಿದ. ಕುದುರೆ ಅವನ ಭುಜದ ಮೇಲೆ ಮೂತಿಯಿಟ್ಟಿತು. ಅದಕ್ಕೆ ಅವನ ಮೇಲೆ ಸಿಟ್ಟಿರಲಿಲ್ಲ.

"ಸತ್ತುಹೋಯಿತೇ, ಗುರುಗಳೇ?" ಎಂದ ಕಲ್ಲಿನಾಥ.

"ಕತೆಗೆ ಅಡ್ಡ ಬರಬಾರದು. ಬೆನ್ನು ಮತ್ತೆ ಬಾಗಿದೆ" ಎಂದು ಗುರುಗಳು ಮುಂದುವರಿಸಿದರು.

ಆ ಪೇಟೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಕುದುರೆ ಹಗ್ಗದಲ್ಲಿ ಸಾಯಬಾರದು. ಸತ್ತರೆ ಆ ಹಗ್ಗ ಯಜಮಾನನ ಕೊರಳಿಗೆ ಬರುತ್ತದೆ ಎಂಬ ನಂಬಿಕೆ. ಆದ್ದರಿಂದ ಸಾಯುವ ಕುದುರೆಯನ್ನು ಊರ ಹೊರಗಿನ ಗೋಮಾಳಕ್ಕೆ ಕರೆದೊಯ್ದು ಹಗ್ಗ ಬಿಚ್ಚುತ್ತಿದ್ದರು.

ವ್ಯಾಪಾರಿ ಕುದುರೆಯನ್ನು ಮೆಲ್ಲಗೆ ನಡೆಸಿಕೊಂಡು ಹೊರಟ. ಹೆಂಡತಿ ಹುರುಳಿಯ ಪಾತ್ರೆಯನ್ನು ತಂದು ಅವನ ಕೈಗಿತ್ತಳು. "ದಾರಿಯಲ್ಲಿ ಹಸಿವಾದರೆ ಇರಲಿ" ಎಂದಳು. ಅಂದು ಅವಳು ಬೇರೇನೂ ಆಡಲಿಲ್ಲ.

ಮಳೆ ನಿಂತು ಬಹಳ ದಿನಗಳಾಗಿದ್ದವು. ಗೋಮಾಳದ ಹುಲ್ಲು ಅರ್ಧ ಒಣಗಿತ್ತು. ತಗ್ಗುಗಳಲ್ಲಿ ಮಾತ್ರ ಗರಿಕೆ ಹಸಿರಾಗಿತ್ತು. ವ್ಯಾಪಾರಿ ಹಗ್ಗ ಬಿಚ್ಚಿದ. ಒಂದು ಕಲ್ಲಿನ ಮೇಲೆ ಕುಳಿತು ಕಣ್ಣು ಮುಚ್ಚಿದ. ಕುದುರೆ ನೆಲಕ್ಕೆ ಬೀಳುವ ಸದ್ದಿಗಾಗಿ ಕಾದ.

ಬೇರೆ ಸದ್ದು ಕೇಳಿಸಿತು. ಹುಲ್ಲು ಹರಿಯುವ ಸದ್ದು.

ಕಣ್ಣು ತೆರೆದ. ಕುದುರೆ ತಲೆಯನ್ನು ಪೂರ್ತಿ ಬಗ್ಗಿಸಿತ್ತು. ಒಂದು ಬಾಯಿ ಹುಲ್ಲು ಹರಿದು ಬಹಳ ಹೊತ್ತು ಅಗಿಯಿತು. ಒಂದು ಹೆಜ್ಜೆ ಮುಂದಿಟ್ಟಿತು. ಮತ್ತೆ ಹರಿಯಿತು, ಮತ್ತೆ ಅಗಿಯಿತು. ಅವನು ಪಾತ್ರೆ ಹಿಡಿದು ಓಡಿದ. "ಇಲ್ಲಿ ನೋಡು ತಾಯಿ, ಬೆಲ್ಲ ಹಾಕಿದ್ದು" ಎಂದ. ಕುದುರೆ ಪಾತ್ರೆಯನ್ನು ಮೂಸಿತು. ಆಮೇಲೆ ಅವನ ಕಾಲ ಬುಡದಲ್ಲಿದ್ದ ಹುಲ್ಲಿಗೆ ಬಾಯಿ ಹಾಕಿತು. ಅವನು ಕಾಲು ಸರಿಸಿದ.

ಇದು ಕೊನೆಯ ಊಟ ಎಂದು ಅವನು ಎಣಿಸಿದ. ತೊಂದರೆ ಕೊಡಬಾರದೆಂದು ದೂರ ಕುಳಿತ. ಹೊತ್ತು ಇಳಿಯಿತು. ಊಟ ಮುಗಿಯಲಿಲ್ಲ. ಸಂಜೆಗೆ ಕುದುರೆ ಬಾಲ ಎತ್ತಿ ಲದ್ದಿ ಹಾಕಿತು. ಅದನ್ನು ಕಂಡು ವ್ಯಾಪಾರಿ ಗಟ್ಟಿಯಾಗಿ ನಕ್ಕ. ಲದ್ದಿಯನ್ನು ನೋಡಿ ಅಷ್ಟು ಸಂತೋಷಪಟ್ಟವರು ಆ ಪೇಟೆಯಲ್ಲಿ ಹಿಂದೆ ಯಾರೂ ಇರಲಿಲ್ಲ.

ಆ ಹೊತ್ತಿಗೆ ಕೆಲವು ಹೆಂಗಸರು ಹುಲ್ಲಿನ ಹೊರೆ ಹೊತ್ತು ಅದೇ ದಾರಿಯಲ್ಲಿ ಬಂದರು.

"ಅಮ್ಮಾ, ಈ ಹೊರೆ ಎಲ್ಲಿಗೆ?" ಎಂದು ವ್ಯಾಪಾರಿ ಕೇಳಿದ.

"ದೇಸಾಯರ ಲಾಯಕ್ಕೆ" ಎಂದಳು ಮುಂದಿದ್ದವಳು.

"ದೇಸಾಯರ ಕುದುರೆ ಹುಲ್ಲು ತಿನ್ನುತ್ತದೆಯೇ?"

"ಮತ್ತೇನು, ದೇಸಾಯರನ್ನು ತಿನ್ನುತ್ತದೆಯೇ? ಹುರುಳಿ ಬೀದಿಗೆ, ಹುಲ್ಲು ಹೊಟ್ಟೆಗೆ. ನಾವು ಹಿತ್ತಿಲ ಬಾಗಿಲಿನಿಂದ ಹೋಗುತ್ತೇವೆ. ನಾನು ಹೇಳಿದೆನೆಂದು ಹೇಳಬೇಡಿ ಮತ್ತೆ."

ದೊಡ್ಡ ಮನೆಯವರೆಲ್ಲ ಹಾಗೆಯೇ ಮಾಡುತ್ತಿದ್ದರು. ವ್ಯಾಪಾರಿ ಹೊಸದಾಗಿ ಲಾಯ ಕಟ್ಟಿದವನು. ಬೀದಿಯಲ್ಲಿ ನಿಂತವನಿಗೆ ಎಷ್ಟು ಗೊತ್ತಾಗುತ್ತದೆಯೋ ಅವನಿಗೆ ಅಷ್ಟೇ ಗೊತ್ತಿತ್ತು.

ಅವನು ಕುದುರೆಯನ್ನು ಮನೆಗೆ ಕರೆತಂದ. ಮರುದಿನದಿಂದ ಅವನ ಹಿತ್ತಿಲ ಬಾಗಿಲಿಗೂ ಹುಲ್ಲಿನ ಹೊರೆ ಬಂತು. ಕುದುರೆ ನಿಧಾನವಾಗಿ ದಿನವಿಡೀ ಅಗಿಯಿತು. ಕಂಬ ಕಡಿಯುವುದನ್ನು ಬಿಟ್ಟಿತು. ಹೊಟ್ಟೆಯ ನೋವು ಇಳಿಯಿತು. ಪ್ರಾಣಕ್ಕೆ ಭಯವಿಲ್ಲ ಎಂದಾಯಿತು.

ಆದರೆ ನಿಂತಲ್ಲೇ ನಿಂತು ಅದರ ಕಾಲುಗಳು ಊದಿಕೊಂಡವು. ಅದು ಗೋದಲಿಗೆ ಬೆನ್ನು ಮಾಡಿ ಬಾಗಿಲ ಕಡೆಗೆ ಮುಖ ಮಾಡಿ ನಿಲ್ಲುತ್ತಿತ್ತು.

"ಹುಲ್ಲು ತಂದಿರಿ. ಗೋಮಾಳ ತರಲಿಲ್ಲ" ಎಂದಳು ಹೆಂಡತಿ.

"ಗೋಮಾಳಕ್ಕೆ ಬೀದಿಯಲ್ಲಿಯೇ ಹೋಗಬೇಕಲ್ಲ. ಹಾಡುಹಗಲಲ್ಲಿ ಕುದುರೆ ಮೇಯಿಸಲು ಹೊರಟರೆ ಜನ ಏನೆಂದಾರು?"

"ಹುರುಳಿ ಮುಗಿಯಿತು ಎಂದಾರು. ಹೊಳೆಯಲ್ಲಿ ನಿಮ್ಮ ತಾಯಿಯ ಬಾಲ ಹಿಡಿದಿರಲ್ಲ, ಆಗ ಯಾರಾದರೂ ನೋಡಿಯಾರು ಎಂದು ಯೋಚಿಸಿದ್ದಿರಾ?"

ವ್ಯಾಪಾರಿ ಲಾಯಕ್ಕೆ ಹೋಗಿ ಹಗ್ಗ ಬಿಚ್ಚಿದ.

ಬೆಳಗಿನ ಹೊತ್ತು, ಅಂಗಡಿಗಳೆಲ್ಲ ತೆರೆದಿದ್ದವು. ಅವನು ನಡುಬೀದಿಯಲ್ಲಿ ಕುದುರೆಯ ಪಕ್ಕದಲ್ಲಿ ನಡೆದ. ಕುದುರೆ ಮೊದಲು ಕುಂಟಿತು. ಆಮೇಲೆ ಸರಿಯಾಗಿ ಹೆಜ್ಜೆ ಹಾಕಿತು. ದೇಸಾಯಿ ತನ್ನ ಹೆಬ್ಬಾಗಿಲಲ್ಲಿ ನಿಂತಿದ್ದ.

"ಏನು ಸಾಹುಕಾರರೇ, ಇಷ್ಟು ಬೇಗ ಹುರುಳಿ ಮುಗಿಯಿತೇ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

"ಹುರುಳಿ ಇದೆ, ದೇಸಾಯರೇ. ಮನೆಯಲ್ಲಿ ಉಪ್ಪಿನಕಾಯಿಯೂ ಇದೆ. ಆದರೆ ಅನ್ನ ಬಿಟ್ಟು ಬರೀ ಉಪ್ಪಿನಕಾಯಿ ಉಣ್ಣಲಾಗುತ್ತದೆಯೇ?"

ಅಂಗಡಿಯವರು ನಕ್ಕರು. ದೇಸಾಯಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಹಿತ್ತಿಲ ಲಾಯದಿಂದ ಒಂದು ಕುದುರೆ ಕೆನೆಯಿತು. ಬೀದಿಯ ಗೊರಸಿನ ಸದ್ದು ಅದಕ್ಕೆ ಕೇಳಿಸಿತ್ತು.

ವ್ಯಾಪಾರಿ ದಿನವೂ ಕುದುರೆಯನ್ನು ಮೇಯಲು ಬಿಟ್ಟ. ಕಾಲಿನ ಊತ ಇಳಿಯಿತು. ಮೈಯ ಮಿಂಚು ತಿರುಗಿ ಬಂತು. ಮುಂದೆ ಅದು ಅವನನ್ನು ಹೊತ್ತು ಮತ್ತೆ ಊರೂರು ತಿರುಗಿತು. ದುಡಿದ ದಿನ ಹುಲ್ಲಿನ ಮೇಲೊಂದಿಷ್ಟು ಹುರುಳಿಯೂ ಸಿಕ್ಕಿತು. ಅದರ ಬಾಯಿ ನೆಲ ಮುಟ್ಟಬಾರದು ಎಂದು ಅವನು ಆಡಿದ್ದ ಮಾತು ಮುರಿಯಿತು. ತಾಯಿ ಬದುಕಿದಳು.

ಗುರುಗಳು ಕತೆ ಮುಗಿಸಿದರು. ಬಟ್ಟಲಿನ ಹಾಲು ಆರಿ, ಮೇಲಿನ ತುಪ್ಪ ಹೆಪ್ಪುಗಟ್ಟಿತ್ತು.

ಕಲ್ಲಿನಾಥ ಬೆನ್ನು ನೆಟ್ಟಗೆ ಮಾಡಿಯೇ ಯೋಚಿಸಿದ. ಅವನ ಮುಖ ಅರಳಿತು. "ಅರ್ಥವಾಯಿತು, ಗುರುಗಳೇ. ನಾಳೆಯಿಂದ ತುಪ್ಪವೂ ಬೇಡ, ಬಾದಾಮಿಯೂ ಬೇಡ. ನಾನೇ ಗುಡ್ಡ ಹತ್ತಿ ಹಟ್ಟಿಗೆ ಹೋಗಿ ಒಣ ರೊಟ್ಟಿ ತರುತ್ತೇನೆ. ನೀವು ಇಲ್ಲಿಯೇ ಕುಳಿತು ತಿನ್ನುವಿರಂತೆ."

ಗುರುಗಳು ಕೈ ಚಾಚಿ ಅವನ ತಲೆಯನ್ನು ಸವರಿದರು.

"ಮಗು, ನನ್ನ ಊರುಗೋಲನ್ನು ಎಲ್ಲಿ ಬಚ್ಚಿಟ್ಟಿದ್ದೀಯ?"