ಹೊನ್ನೇಶನ ಕಂಪ್ಯೂಟರಿಗೆ ಬಂದ ಜ್ವರ

ಹೇಮಾವತಿ ದಂಡೆಯ ಒಂದು ಪುಟ್ಟ ಆಶ್ರಮದಲ್ಲಿ ಹೊನ್ನೇಶನೆಂಬ ಶಿಷ್ಯನಿದ್ದ. ಅವನು ಬಿಡಿಭಾಗಗಳನ್ನು ತರಿಸಿ, ಮೂರು ದಿನ ಊಟ ನಿದ್ದೆ ಮರೆತು, ತನ್ನ ಕೈಯಾರೆ ಒಂದು ಕಂಪ್ಯೂಟರ್ ಜೋಡಿಸಿದ.

ಗುಂಡಿ ಒತ್ತಿದ ಕೂಡಲೇ ದೀಪ ಹತ್ತಿತು. ಹೊನ್ನೇಶ ಒಂದು ಸುತ್ತು ಕುಣಿದೇಬಿಟ್ಟ.

ಜೋಡಿಸಿದ್ದು ಕೆಂಚಜ್ಜಿಯ ಹಾಡಿಗಾಗಿ. ಆಶ್ರಮದ ಅಡುಗೆ ನೋಡಿಕೊಳ್ಳುವ ಅಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು. ಓದು ಬರಹ ಬಾರದು. ಆದರೆ ಅರವತ್ತು ತತ್ವಪದಗಳು ನಾಲಗೆಯ ಮೇಲಿದ್ದವು. ಅವು ಯಾವ ಪುಸ್ತಕದಲ್ಲೂ ಇರಲಿಲ್ಲ, ಬೇರೆ ಯಾರ ಬಾಯಲ್ಲೂ ಉಳಿದಿರಲಿಲ್ಲ. ಅಜ್ಜಿ ಹಾಡಬೇಕು, ಕಂಪ್ಯೂಟರ್ ಹಿಡಿದಿಡಬೇಕು.

ಅಜ್ಜಿ ಮೊದಲ ಪದ ಎತ್ತಿಕೊಂಡರು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಪರದೆ ಕಪ್ಪಾಯಿತು.

ಹೊನ್ನೇಶ ಮತ್ತೆ ಹಚ್ಚಿದ. ಅಜ್ಜಿ ಮತ್ತೆ ಹಾಡಿದರು. ಅದು ಮತ್ತೆ ಆರಿತು.

“ನನ್ನ ದನಿ ಕೇಳಿದ್ರೆ ನಿನ್ನ ಪೆಟ್ಟಿಗೆಗೆ ಜೋಂಪು ಹತ್ತುತ್ತೆ ಕಣಪ್ಪ,” ಎಂದು ಅಜ್ಜಿ ನಕ್ಕರು.

ಹೊನ್ನೇಶನಿಗೆ ನಗು ಬರಲಿಲ್ಲ. ಮೆಮೊರಿ ಬದಲಿಸಿದ. ಇದ್ದ ತಂತ್ರಾಂಶವನ್ನೆಲ್ಲ ಅಳಿಸಿ ಎರಡು ಸಲ ಹೊಸದಾಗಿ ಹಾಕಿದ. ಅಂಗಡಿಯವನಿಗೆ ಎರಡು ಪುಟ ಬೈದು ಬರೆದ. ಪೆಟ್ಟಿಗೆ ಮಾತ್ರ ಆರುತ್ತಲೇ ಇತ್ತು.

ಕೊನೆಗೆ ಅವನ ಕಿವಿ ಅಡುಗೆಮನೆಯ ಗುರ್ ಸದ್ದಿನ ಕಡೆ ತಿರುಗಿತು.

“ಅಜ್ಜಿ, ನೀವು ಗ್ರೈಂಡರ್ ಹಾಕಿದಾಗ ಕರೆಂಟು ಏರುಪೇರಾಗುತ್ತೆ. ಅದಕ್ಕೇ ನನ್ನ ಕಂಪ್ಯೂಟರ್ ಆರ್ತಿರೋದು. ಇನ್ನು ಹಾಕಬೇಡಿ.”

ಅಜ್ಜಿ ಅವತ್ತೇ ಗ್ರೈಂಡರನ್ನು ಅಟ್ಟಕ್ಕೆ ಹಾಕಿಸಿದರು.

ಅಂದಿನಿಂದ ಆಶ್ರಮದಲ್ಲಿ ದೋಸೆ ಇಲ್ಲ, ಇಡ್ಲಿ ಇಲ್ಲ. ಬೆಳಗಾದರೆ ಉಪ್ಪಿಟ್ಟು. ಕಂಪ್ಯೂಟರ್ ಮೊದಲಿನ ಹಾಗೇ ಆರುತ್ತಿತ್ತು. ಹಾಡಲು ಕರೆದರೆ ಅಜ್ಜಿ ಬರಲೊಲ್ಲರು.

“ನನ್ನ ರುಬ್ಬೋ ಸದ್ದು ಬೇಡ ಅಂದ ಮೇಲೆ ನನ್ನ ಪದ ಯಾಕಪ್ಪ?”

ಎಂಟನೇ ದಿನದ ಉಪ್ಪಿಟ್ಟು ತಿಂದು ಹೊನ್ನೇಶ ಹೊಳೆಯ ಮೆಟ್ಟಿಲಿಗೆ ಹೋದ. ಗುರು ಲಿಂಗಯ್ಯನವರು ಪಂಚೆ ಒಗೆಯುತ್ತಿದ್ದರು.

“ಗುರುಗಳೇ, ಎಲ್ಲಾ ನೋಡಿಬಿಟ್ಟೆ. ತಪ್ಪು ಎಲ್ಲೂ ಇಲ್ಲ.”

“ಏನೇನು ನೋಡಿದೆ?”

“ಅಂಗಡಿಯವನ ಸಾಮಾನು ನೋಡಿದೆ. ಕರೆಂಟು ನೋಡಿದೆ. ಅಜ್ಜಿಯ ಗ್ರೈಂಡರ್ ನೋಡಿದೆ.”

“ಅವೆಲ್ಲ ಬೇರೆಯವರದಾಯ್ತು. ನಿನ್ನದು?”

“ನಾನು ಜೋಡಿಸಿದ್ದಾ? ಅದು ಸರಿಯಾಗೇ ಇದೆ. ಅದನ್ನೇನು ನೋಡೋದು?”

ಗುರುಗಳು ಪಂಚೆ ಹಿಂಡಿ ಹೆಗಲಿಗೆ ಹಾಕಿಕೊಂಡರು. “ನಡಿ.”

ಅವರು ಅಲ್ಲಿಯವರೆಗೆ ಕಂಪ್ಯೂಟರನ್ನು ಮುಟ್ಟಿದವರೇ ಅಲ್ಲ. ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಹೊನ್ನೇಶ ಪಕ್ಕದ ಮುಚ್ಚಳ ತೆಗೆದು ಹಚ್ಚಿದ. ಪರದೆಯ ಮೂಲೆಯಲ್ಲಿ ಒಂದು ಅಂಕಿ ಸರಸರನೆ ಏರತೊಡಗಿತು.

“ಅದೇನು ಅಂಕಿ?”

“ಒಳಗಿನ ಪ್ರೊಸೆಸರಿನ ಬಿಸಿ, ಗುರುಗಳೇ. ಅದು ಇದರ ಮಿದುಳಿದ್ದ ಹಾಗೆ. ನೂರರ ಹತ್ತಿರ ಹೋದರೆ ಸುಟ್ಟುಹೋಗಬಾರದು ಅಂತ ತಾನೇ ಆರಿಹೋಗುತ್ತೆ. ಆದರೆ ಆ ಅಂಕಿ ಸುಳ್ಳು ಹೇಳ್ತಿದೆ. ಪ್ರೊಸೆಸರಿನ ಮೇಲೆ ಬಿಸಿ ಹೀರೋ ಲೋಹದ ಗಟ್ಟಿ ಇದೆ, ಅದರ ಮೇಲೆ ಫ್ಯಾನ್ ಇದೆ. ಫ್ಯಾನಿನ ಗಾಳಿ ನೋಡಿ, ಎಷ್ಟು ತಣ್ಣಗಿದೆ!”

ಗುರುಗಳು ಮಗುವಿನ ಜ್ವರ ನೋಡುವವರ ಹಾಗೆ ಅಂಗೈ ಒಡ್ಡಿದರು. ಗಾಳಿ ತಣ್ಣಗಿತ್ತು.

“ಒಲೆಯಲ್ಲಿ ಕೆಂಡ ಇದೆ. ಮೇಲಿಟ್ಟ ಪಾತ್ರೆ ತಣ್ಣಗಿದೆ. ಹಾಗಾದರೆ ಕೆಂಡ ಸುಳ್ಳೋ?”

ಹೊನ್ನೇಶ ಪೆಟ್ಟಿಗೆಯೊಳಕ್ಕೆ ಬಗ್ಗಿ ನೋಡಿದ.

“ಕೆಂಡಕ್ಕೂ ಪಾತ್ರೆಗೂ ನಡುವೆ ಏನೋ ಇರಬೇಕು,” ಎಂದ ಮೆಲ್ಲಗೆ.

“ಏನಿದೆ?”

“ಏನೂ ಇಲ್ಲ, ಗುರುಗಳೇ. ನಾನೇ ಕೈಯಾರೆ ಕೂರಿಸಿದ್ದೀನಿ.”

“ಅದಕ್ಕೇ ಕೇಳ್ತಿದ್ದೀನಿ.”

ಅಷ್ಟರಲ್ಲಿ ಪರದೆ ಕಪ್ಪಾಯಿತು. ಹೊನ್ನೇಶ ಪ್ಲಗ್ ಕಿತ್ತು, ನಾಲ್ಕು ಸ್ಕ್ರೂ ಬಿಚ್ಚಿ ಲೋಹದ ಗಟ್ಟಿಯನ್ನು ಎತ್ತಿದ. ಅದರ ತಳಕ್ಕೆ ಗಾಜಿನಂತೆ ನುಣುಪಾದ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಕೊಂಡೇ ಇತ್ತು. ಮೇಲೆ ಕೆಂಪಕ್ಷರ.

“ಏನು ಬರೆದಿದೆ?”

ಹೊನ್ನೇಶ ಗಂಟಲಲ್ಲೇ ಓದಿದ: “ಜೋಡಿಸುವ ಮೊದಲು ಇದನ್ನು ತೆಗೆಯಿರಿ.”

ಗುರುಗಳು ತೊಡೆ ತಟ್ಟಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕೆಂಪಗಾಗಿ ಕೂತಿದ್ದ ಹೊನ್ನೇಶನಿಗೂ ತಡೆಯಲಾಗಲಿಲ್ಲ.

ಹಾಳೆ ಬಿಡಿಸಿ, ತಳ ಒರೆಸಿ, ಬಿಸಿ ದಾಟಿಸುವ ಪೇಸ್ಟನ್ನು ಹೊಸದಾಗಿ ಹಚ್ಚಿ ಕೂರಿಸಿದ. ಈ ಸಲ ಅಂಕಿ ನಲವತ್ತಕ್ಕೆ ಬಂದು ನಿಂತಿತು. ಗಾಳಿ ಬೆಚ್ಚಗೆ ಬಂತು.

“ಸರಿಹೋಯ್ತು, ಗುರುಗಳೇ!”

“ಪೆಟ್ಟಿಗೆ ಸರಿಹೋಯ್ತು,” ಎಂದರು ಗುರುಗಳು, ಅಡುಗೆಮನೆಯ ಕಡೆ ನೋಡುತ್ತ.

ಹೊನ್ನೇಶ ಏಣಿ ತಂದು ಗ್ರೈಂಡರನ್ನು ಅಟ್ಟದಿಂದ ಇಳಿಸಿದ. ಕಲ್ಲು ತೊಳೆದ. ಬದನೆಕಾಯಿ ಹೆಚ್ಚುತ್ತಿದ್ದ ಅಜ್ಜಿ ತಲೆಯೆತ್ತಲಿಲ್ಲ.

“ಅಜ್ಜಿ, ತಪ್ಪು ನಿಮ್ಮ ಗ್ರೈಂಡರಿನದಲ್ಲ. ನನ್ನದು.”

“ಅದು ನಂಗೆ ಅವತ್ತೇ ಗೊತ್ತಿತ್ತು. ಹೋಗು, ಅಕ್ಕಿ ನೆನೆಹಾಕು.”

ಸಂಜೆ ಅಜ್ಜಿ ಹಿಟ್ಟು ರುಬ್ಬುತ್ತ ಹಾಡಲು ಕೂತರು. ಮೈಕಿನಲ್ಲಿ ಗ್ರೈಂಡರಿನ ಸದ್ದೂ ಸೇರುತ್ತಿತ್ತು. ನಿಲ್ಲಿಸಿ ಎನ್ನಲು ಹೊನ್ನೇಶನಿಗೆ ಬಾಯಿ ಬರಲಿಲ್ಲ. ಹನ್ನೊಂದು ಪದ ಮುಗಿದವು. ಪರದೆ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ.

ಮರುದಿನ ಆಶ್ರಮದವರೆಲ್ಲ ಹೊಟ್ಟೆ ತುಂಬ ದೋಸೆ ತಿಂದರು. ಹೊನ್ನೇಶ ಕೈತೊಳೆದು ಬಂದವನೇ ಆ ಪ್ಲಾಸ್ಟಿಕ್ ಹಾಳೆಯನ್ನು ಗುರುಗಳ ಮುಂದೆ ಹಿಡಿದ.

“ಇದನ್ನ ನನ್ನ ಮೇಜಿನೆದುರಿನ ಗೋಡೆಗೆ ಅಂಟಿಸ್ಕೊಳ್ತೀನಿ, ಗುರುಗಳೇ. ನಾನು ಎಂಥಾ ದಡ್ಡ ಅಂತ ದಿನಾ ನೆನಪಾಗ್ತಿರಲಿ.”

ಗುರುಗಳು ಹಾಳೆಯನ್ನು ನೋಡಿದರು. ಶಿಷ್ಯನನ್ನು ನೋಡಿದರು.

“ನಿನ್ನೆ ತಾನೇ ಬಿಡಿಸಿದ್ದೀಯ, ಹೊನ್ನೇಶ. ಮತ್ತೆ ಯಾಕೆ ಅಂಟಿಸ್ಕೊಳ್ತೀಯ?”