ಕಿರೀಟ ಕಳಚಿದ ತಾರೀಖುಗಳು

ಒಂದು ರಕ್ತನಿಧಿಯ ಕಂಪ್ಯೂಟರಿನಲ್ಲಿ ಎರಡು ತಾರೀಖುಗಳಿದ್ದವು. ಹಿರಿಯದು ರಕ್ತ ಪಡೆದ ದಿನ, ಕಿರಿಯದು ಇವತ್ತು. ಕನ್ನಡ ಅಂಕಿ ತೊಟ್ಟು, ನೆತ್ತಿಗೆ ವಾರದ ಹೆಸರಿನ ಕಿರೀಟವಿಟ್ಟು ಎರಡೂ ಪರದೆಯ ಮೇಲೆ ಮೆರೆಯುತ್ತಿದ್ದವು.

ಆಸ್ಪತ್ರೆಯಿಂದ ತುರ್ತು ಪ್ರಶ್ನೆ ಬಂತು: "ಈ ರಕ್ತ ಎಷ್ಟು ದಿನದ್ದು? ಕೊಡಬಹುದೋ, ಚೆಲ್ಲಬೇಕೋ?"

ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯ ಕಳೆಯುವ ಚಿಹ್ನೆ ಎರಡರ ನಡುವೆ ನಿಂತು ಉತ್ತರ ಹೇಳಿತು: "ಸಂಖ್ಯೆಯಲ್ಲ."

"ಮೈತುಂಬ ಅಂಕಿ ಇವೆ, ಕಣ್ಣು ಕಾಣಿಸುವುದಿಲ್ಲವೇ?" ಎಂದು ಇವತ್ತು ಗದರಿತು.

"ನನಗೆ ಕಾಣುವುದು ಬಟ್ಟೆ ಮಾತ್ರ. ಬಟ್ಟೆಯಲ್ಲಿ ಬಟ್ಟೆ ಕಳೆಯಲು ನನಗೆ ಬಾರದು. ಅದನ್ನು ಬಿಚ್ಚಿ, ಒಳಗಿನ ಎಣಿಕೆ ತೋರಿಸಿ," ಎಂದಿತು ಚಿಹ್ನೆ.

"ಬಿಚ್ಚಿದರೆ ಮರ್ಯಾದೆ ಹೋಗುತ್ತದೆ!" ಎಂದಿತು ಇವತ್ತು.

"ತಮ್ಮಾ, ರಕ್ತ ಚರಂಡಿ ಸೇರಿದ ಮೇಲೆ ಯಾರಿಗೆ ಬೇಕು ಈ ಮರ್ಯಾದೆ?" ಎಂದ ಹಿರಿಯ ತಾರೀಖು ಕಿರೀಟ ಇಳಿಸಿತು, ಅಂಕಿ ಕಳಚಿತು, ಕಂಪ್ಯೂಟರು ಒಳಗೆ ಎಣಿಸಿಟ್ಟ ಬರೀ ಮಿಲಿಸೆಕೆಂಡುಗಳ ರಾಶಿಯಾಗಿ ನಿಂತಿತು. ನಾಚುತ್ತಲೇ ಇವತ್ತೂ ಕಳಚಿ ನಿಂತಿತು.

ಚಿಹ್ನೆ ಒಂದೇ ಏಟಿಗೆ ಕಳೆಯಿತು. ಉಳಿದ ಮಿಲಿಸೆಕೆಂಡುಗಳನ್ನು ದಿನಗಳಾಗಿ ಕಟ್ಟಿ ಕೂಗಿತು: "ಒಂಬತ್ತು ದಿನ! ಮೂವತ್ತೈದರ ಗಡುವು ಮೀರಿಲ್ಲ, ಕೊಡಬಹುದು!"

ರಕ್ತದ ಚೀಲ ಆಸ್ಪತ್ರೆಗೆ ಓಡಿತು. ತಾರೀಖುಗಳೆರಡೂ ಬಟ್ಟೆಗೆ ತಡಕಾಡುತ್ತಿದ್ದಾಗ ಚಿಹ್ನೆ ತಾನೇ ಕಿರೀಟಗಳನ್ನೆತ್ತಿ ತೊಡಿಸಿ ಹೇಳಿತು:

"ಈಗ ಮೆರೆಯಿರಿ. ಈಗ ಒಪ್ಪುತ್ತದೆ."