ಕದವಿಲ್ಲದ ಮಂಟಪ

ಸೀಗೆಬಂದರಿನ ಬಸ್ ನಿಲ್ದಾಣದಿಂದ ಕಡಲಿನತ್ತ ಇಳಿದರೆ, ಕೊನೆಯ ತೆಂಗಿನ ಸಾಲಿನಾಚೆ ಕಪ್ಪು ಕಲ್ಲಿನ ಹಳೆಯ ನಾಟ್ಯಮಂಟಪ ಸಿಗುತ್ತದೆ. ಎದುರಿನ ಫಲಕದಲ್ಲಿ ‘ಕದಲದ ಮಂಟಪ’ ಎಂದಿದೆ. ಬಿರುಗಾಳಿಗೂ ಕದಲದ್ದರಿಂದ ಈ ಹೆಸರು ಬಂತು ಎಂದು ಗೈಡುಗಳು ಪ್ರವಾಸಿಗರಿಗೆ ಹೇಳುತ್ತಾರೆ. ಯಾವ ಮಂಟಪ ತಾನೇ ಕದಲುತ್ತದೆ? ಅದು ಕದವಿಲ್ಲದ ಮಂಟಪ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಇನ್ನೊಮ್ಮೆ ಹೇಳುತ್ತೇನೆ.

ಹಿಂದೆ ಒಮ್ಮೆ ಈ ಬಂದರನ್ನು ಆಳುತ್ತಿದ್ದ ಕುಂದ ಹೆಗ್ಗಡೆಗೆ ನಾಟ್ಯದ ಹುಚ್ಚು. ಪದುಮಲೆ ಎಂಬ ನರ್ತಕಿಗಾಗಿಯೇ ಈ ಮಂಟಪ ಕಟ್ಟಿಸಿದ ಎನ್ನುತ್ತಾರೆ. ಸಂಜೆ ಇಲ್ಲಿ ಹಚ್ಚುವ ಸಾಲುದೀಪಗಳ ಗುರುತು ಹಿಡಿದೇ ಮೀನುಗಾರರು ಬಂಡೆಗಳ ನಡುವಿನ ಸಂದಿಗೆ ದೋಣಿ ತಿರುಗಿಸುತ್ತಿದ್ದರು. ದಡ ಸೇರಿದವರು ಒದ್ದೆ ಬಟ್ಟೆಯಲ್ಲೇ ಬಂದು ನಿಂತು ಕುಣಿತ ನೋಡುವರು. ಆ ಮೀನಿನ ವಾಸನೆ ಹೆಗ್ಗಡೆಗೆ ಸಹಿಸಲಾಗದಾಯಿತು. ಕಡಲಿಗೆ ತೆರೆದಿದ್ದ ಒಂದೇ ಬಾಗಿಲಿಗೆ ಹಲಸಿನ ಹಲಗೆಯ ದೊಡ್ಡ ಕದಗಳನ್ನು ಇಡಿಸಿ, ಕುಣಿತ ಶುರುವಾದೊಡನೆ ಮುಚ್ಚಿಸತೊಡಗಿದ. "ಬೆಳಕು ಹೊರಗೆ ಹೋಗಬೇಕು, ಒಡೆಯರೇ" ಎಂದು ಪದುಮಲೆ ಎಷ್ಟು ಸಲ ಹೇಳಿದರೂ ಅವನದು ಒಂದೇ ಉತ್ತರ: "ನೀನು ಕುಣಿ."

ಒಂದು ಸಂಜೆ ಮೋಡ ಕವಿದು ಗಾಳಿ ಎದ್ದಿತು. ಒಳಗೆ ಕುಣಿತ ನಡೆದಿತ್ತು. ದೇಯಿ ಎಂಬ ಮೀನುಗಾರರ ಹೆಂಗಸು ಓಡಿಬಂದು ಕದ ಬಡಿದಳು. "ದೀಪ ಕಾಣದೆ ನಮ್ಮವರು ಬಂಡೆಗೆ ಬಡಿಯುತ್ತಾರೆ, ಬಾಗಿಲು ತೆಗೆಯಿರಿ!" ಹೆಗ್ಗಡೆ ಮದ್ದಳೆಯವನಿಗೆ ಇನ್ನೂ ಜೋರಾಗಿ ನುಡಿಸುವಂತೆ ಸನ್ನೆ ಮಾಡಿದ. ಪದುಮಲೆ ನಡುವೆಯೇ ನಿಂತುಬಿಟ್ಟಳು. "ನಿಮಗೆ ಹೇಳಿ ಹೇಳಿ ಸಾಕಾಯಿತು" ಎಂದವಳೇ ಹೋಗಿ ಅಗುಳಿ ಎಳೆದಳು. ಬಾಗಿಲು ತೆರೆದದ್ದೇ ಗಾಳಿ ನುಗ್ಗಿ ದೀಪಗಳೆಲ್ಲ ಆರಿದವು. ಆಗ ಅವಳೂ ದೇಯಿಯೂ ಹಿಂದೆಯೇ ಓಡಿಬಂದಿದ್ದ ಮೀನುಗಾರರ ಕೇರಿಯ ಹೆಂಗಸರೂ ಸೇರಿ ಕದಗಳನ್ನೇ ಕಿತ್ತು, ದೀಪದೆಣ್ಣೆ ಸುರಿದು, ಧೂಪದ ಕೆಂಡದಿಂದ ಉರಿ ಹಚ್ಚಿದರು. ಆ ಉರಿಯನ್ನು ನೋಡಿಕೊಂಡು ದೋಣಿಗಳು ಬಂದವು, ಒಂದರ ಹೊರತು. ಬಾರದೆ ಹೋದದ್ದು ದೇಯಿಯ ಗಂಡನ ದೋಣಿ.

ಇಷ್ಟಾದರೂ ಹೆಗ್ಗಡೆ ಹೊಸ ಕದ ಮಾಡಿಸಿದ! ಪದುಮಲೆ ಗೆಜ್ಜೆ ಕಟ್ಟಲೇ ಇಲ್ಲ. ಅವನು ಗದರಿದ, ಬೇಡಿದ, ಊಟ ಬಿಟ್ಟ. ಮಳೆಗಾಲ ಕಳೆಯುವಷ್ಟರಲ್ಲಿ ಸೋತು, ತಾನೇ ನಿಂತು ಕದಗಳನ್ನು ಕೀಳಿಸಿದ. ಅವಳು ಮತ್ತೆ ಕುಣಿದ ದಿನ ದೇಯಿಯನ್ನು ಎಲ್ಲರಿಗಿಂತ ಮುಂದೆ, ಹೆಗ್ಗಡೆಯ ಪಕ್ಕದಲ್ಲೇ ಕೂರಿಸಿದ್ದಳಂತೆ. ಅವನು ಮೂಗು ಮುಚ್ಚಲಿಲ್ಲ.

ಕಳೆದ ವರ್ಷ ಪುರಸಭೆಯವರು ಮಂಟಪದ ರಕ್ಷಣೆಗೆಂದು ಕಬ್ಬಿಣದ ಗೇಟು ತಂದರು. ಮೀನು ಮಾರುವ ಹೆಂಗಸರು ಬುಟ್ಟಿಗಳ ಸಮೇತ ಬಾಗಿಲಲ್ಲಿ ಕೂತರು, ಏಳಲಿಲ್ಲ. ಆ ಗೇಟು ಈಗ ಹೊರಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿದೆ. ಹೋದವರು ನೋಡಬಹುದು, ಅದರ ಮೇಲೆ ಸದಾ ಬಲೆ ಒಣಗುತ್ತಿರುತ್ತದೆ.